ಅಜ್ಜಿ ಯಾಕೆ ನೀರು ಕುಡಿಯಲ್ಲ?

ನವೆಂಬರ್ ತಿಂಗಳು ಬಂತೆಂದರೆ ಬ್ಯಾಂಕಿನವರಿಗೆ ಜಾತ್ರೆ. ಪಿಂಚಣಿ ಪಡೆಯುವವರೆಲ್ಲ ಬಂದು ‘ನಾನಿನ್ನೂ ಬದುಕಿದ್ದೇನೆ’ ಎಂದು ಸಹಿ ಹಾಕಿಕೊಡಬೇಕಾದ ತಿಂಗಳು ಅದು. ಜೀವನ ಪ್ರಮಾಣಪತ್ರ ಎಂದು ಅದರ ಹೆಸರು. ಈಗ ಬೆರಳು ಒತ್ತಿದರೆ ಆಯಿತು, ಮನೆಯಿಂದಲೂ ಕಳಿಸಬಹುದು. ಆ ಡಿಜಿಟಲ್ ಏರ್ಪಾಡು ಬಂದದ್ದು 2014ರಲ್ಲಿ. ನಾನು ಗುಮಾಸ್ತನಾಗಿದ್ದ ಕಾಲದಲ್ಲಿ ಎಲ್ಲರೂ ಖುದ್ದಾಗಿ ಬರಬೇಕಿತ್ತು, ಟೋಕನ್ ಹಿಡಿದು ಕಾಯಬೇಕಿತ್ತು.

ಗಂಡಸರು ಬೆಂಚಿನ ಮೇಲೆ ಆರಾಮಾಗಿ ಕೂತು ಪೇಪರ್ ಓದುವರು, ಎದುರಿನ ಹೋಟೆಲಿಗೆ ಹೋಗಿ ಕಾಫಿ ಕುಡಿದು ಬರುವರು. ಕುಟುಂಬ ಪಿಂಚಣಿಗೆ ಬರುತ್ತಿದ್ದ ಅಜ್ಜಿಯರು ಮಾತ್ರ ಬೇರೆ. ಕುರ್ಚಿ ಕೊಟ್ಟರೂ ಕೆಲವರು ಕೂರುತ್ತಿರಲಿಲ್ಲ. ಮೂಲೆಯಲ್ಲಿ ಮಣ್ಣಿನ ಹೂಜಿಯ ತುಂಬ ತಣ್ಣನೆಯ ನೀರಿದ್ದರೂ ಮುಟ್ಟುತ್ತಿರಲಿಲ್ಲ. ಬೆಳಿಗ್ಗೆ ಬಸ್ಸು ಹತ್ತಿದವರು ಮಧ್ಯಾಹ್ನದ ತನಕ ಒಣಗಿದ ಬಾಯಲ್ಲೇ ಇರುವರು. ಪಕ್ಕದ ಕೌಂಟರಿನಲ್ಲಿ ನನ್ನ ಸಹೋದ್ಯೋಗಿ ಹೆಣ್ಣುಮಗಳೊಬ್ಬಳಿದ್ದಳು. ಒಮ್ಮೆ ಅವಳು ಒತ್ತಾಯ ಮಾಡಿ ಲೋಟ ಕೊಡಹೋದಾಗ ಒಬ್ಬ ಅಜ್ಜಿ ಮೆಲ್ಲಗೆ ಕೇಳಿದ್ದು ನನಗೂ ಕೇಳಿಸಿತು: ‘ಕುಡಿದ್ರೆ ಎಲ್ಲಿಗ್ ಹೋಗ್ಲವ್ವ?’ ಶೌಚಾಲಯ ಇದ್ದದ್ದು ಸಿಬ್ಬಂದಿಗೆ ಮಾತ್ರ. ಆ ಹೆಣ್ಣುಮಗಳು ಅವತ್ತಿನಿಂದ ಬೀಗದ ಕೈ ತನ್ನ ಮೇಜಿನ ಮೇಲೇ ಇಟ್ಟುಕೊಂಡು, ಒಬ್ಬೊಬ್ಬ ಅಜ್ಜಿಯನ್ನೇ ಒಳಗೆ ಕರೆದುಕೊಂಡು ಹೋಗುತ್ತಿದ್ದಳು. ಮ್ಯಾನೇಜರು ಕಂಡೂ ಕಾಣದಂತೆ ಇದ್ದುಬಿಟ್ಟರು.

ನಿಮ್ಮ ಮನೆಯ ಅಜ್ಜಿಯೂ ಮದುವೆಗೆ, ಯಾತ್ರೆಗೆ ಹೊರಡುವ ದಿನ ನೀರು ಬಿಡುತ್ತಾರೇನೋ ನೋಡಿ ಮಕ್ಕಳೇ. ಬಸ್ಸಿನಲ್ಲಿ ಹೋಗುವುದು ಬೇಡ ಎನ್ನುತ್ತಾರೆಯೆ? ನಕ್ಕಾಗ, ಕೆಮ್ಮಿದಾಗ ತಟ್ಟನೆ ಕಾಲು ಕಾಲಿಗೆ ಕತ್ತರಿ ಹಾಕಿ ನಿಲ್ಲುತ್ತಾರೆಯೆ? ಎಲ್ಲರೂ ಏಳುವ ಮುಂಚೆ ತಮ್ಮ ಸೀರೆ ತಾವೇ ಒಗೆದು ಹಾಕುತ್ತಾರೆಯೆ? ಇದಕ್ಕೆಲ್ಲ ಮನೆಯವರು ಕೊಡುವ ಉತ್ತರ ಒಂದೇ: ‘ವಯಸ್ಸಾಯ್ತಲ್ಲ.’ ಈ ಮಾತಿನ ಕೆಳಗೆ ಮುಚ್ಚಿಹೋಗಿರುವ ಕೆಲವು ಕಾಯಿಲೆಗಳ ವಿಷಯ ಬರೆಯಬೇಕೆಂದಿದ್ದೇನೆ. ನಾನು ಓದಿದ್ದು ಬಿ.ಕಾಂ., ಡಾಕ್ಟರಲ್ಲ. ನಮ್ಮಕ್ಕನಿಗೆ ಚಿಕಿತ್ಸೆ ಮಾಡಿದ ಲೇಡಿ ಡಾಕ್ಟರು ತಾಳ್ಮೆಯಿಂದ ಹೇಳಿದ್ದು, ಆಮೇಲೆ ನಾನು ಓದಿ ತಿಳಿದದ್ದು, ಇಷ್ಟೇ ನನ್ನ ಬಂಡವಾಳ. ಗಂಡಸು ಬರೆಯುವ ವಿಷಯವೇ ಇದು ಎಂದು ನನ್ನ ವಯಸ್ಸಿನ ಕೆಲವರು ಮೂಗು ಮುರಿಯಬಹುದು. ಮುರಿಯಲಿ. ಡಾಕ್ಟರ ಫೀಸಿಗೆ ಪಾಸ್‌ಬುಕ್ಕಿನಿಂದ ಹಣ ತೆಗೆಯುವವರು, ಆಟೋ ಕರೆತರುವವರು ಬಹಳ ಮನೆಗಳಲ್ಲಿ ಗಂಡಸರೇ. ಅವರಿಗೆ ಗೊತ್ತಿಲ್ಲದೆ ಆಸ್ಪತ್ರೆಗೆ ಹೋಗುವುದಾದರೂ ಹೇಗೆ?

ಮೊದಲು ಶಾಲೆಯ ಮಕ್ಕಳಿಗೆ ಎರಡು ಮಾತು. ಹೆಂಗಸರ ಕಿಬ್ಬೊಟ್ಟೆಯಲ್ಲಿ ಗರ್ಭಕೋಶ ಎಂಬ ಅಂಗ ಇದೆ. ಸುಮ್ಮನಿದ್ದಾಗ ಒಂದು ಸಣ್ಣ ಸೀಬೆಹಣ್ಣಿನಷ್ಟು ದೊಡ್ಡದು, ಹೆಚ್ಚುಕಡಿಮೆ ಅದೇ ಆಕಾರ. ನೀವೂ ನಾನೂ ಒಂಬತ್ತು ತಿಂಗಳು ಬಾಡಿಗೆ ಕೊಡದೆ ಇದ್ದದ್ದು ಅಲ್ಲೇ. ಅದರ ಮುಂದೆ ಮೂತ್ರದ ಚೀಲ, ಹಿಂದೆ ಮಲದ ಕರುಳು. ಈ ಮೂರನ್ನೂ ಕೆಳಗಿನಿಂದ ಹಿಡಿದಿರುವುದು ಜೋಲಿಯಂತೆ ಕಟ್ಟಿಕೊಂಡಿರುವ ಮಾಂಸಖಂಡಗಳು. ತೊಟ್ಟಿಲ ಬಟ್ಟೆ ಹಳೆಯದಾದರೆ ಜೋತುಬೀಳುವುದಿಲ್ಲವೆ? ಹಾಗೆಯೇ ಈ ಜೋಲಿಯೂ ಸಡಿಲವಾಗುತ್ತದೆ. ಹಲವು ಹೆರಿಗೆಗಳು, ಬಾಣಂತನ ಮುಗಿಯುವ ಮುಂಚೆಯೇ ಹೊತ್ತ ಕೊಡಗಳು, ವರ್ಷಗಟ್ಟಲೆ ಬಿಡದ ಕೆಮ್ಮು, ಮಲಬದ್ಧತೆಯಿಂದ ಮುಕ್ಕುವುದು, ಇವೆಲ್ಲ ಅದನ್ನು ಜಗ್ಗುತ್ತವೆ.

ಇದರ ಜೊತೆಗೆ ಇನ್ನೊಂದು. ಸುಮಾರು 45ರಿಂದ 50ರ ವಯಸ್ಸಿಗೆ ಹೆಂಗಸರಿಗೆ ಮುಟ್ಟು ನಿಲ್ಲುತ್ತದೆ. ಹನ್ನೆರಡು ತಿಂಗಳು ಒಂದೇ ಸಮನೆ ಆಗಲಿಲ್ಲವೆಂದರೆ ನಿಂತಿತೆಂದು ಲೆಕ್ಕ. ಆಗ ಮೈಯಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಬಹಳ ಇಳಿದುಹೋಗುತ್ತದೆ. ಅದು ಒಳಗಿನ ಪದರಗಳನ್ನು ಮೆತ್ತಗೆ, ಪಸೆಯಾಗಿ ಇಡುತ್ತಿದ್ದ ವಸ್ತು. ಅದು ಕಡಿಮೆಯಾದ ಮೇಲೆ ಆ ಜಾಗ ಒಣಗುತ್ತದೆ, ತೆಳ್ಳಗಾಗುತ್ತದೆ, ಉರಿ, ನವೆ ಬರುತ್ತದೆ, ಉರಿಮೂತ್ರದ ಸೋಂಕು ಪದೇ ಪದೇ ಕಾಡುತ್ತದೆ. ನೀರು ಕುಡಿಯದಿದ್ದರೆ ಮೂತ್ರ ಗಟ್ಟಿಯಾಗಿ ಉರಿ ಇನ್ನೂ ಹೆಚ್ಚು. ಅಂದರೆ ಅಜ್ಜಿ ಕಂಡುಕೊಂಡ ಉಪಾಯವೇ ಕಾಯಿಲೆಗೆ ಬಡ್ಡಿ ಕಟ್ಟುತ್ತದೆ. ಇದಕ್ಕೆ ಹಚ್ಚಿಕೊಳ್ಳುವ ಮುಲಾಮುಗಳಿವೆ. ಯಾರಿಗೆ ಯಾವುದು ಎಂದು ಡಾಕ್ಟರು ಪರೀಕ್ಷಿಸಿ ಬರೆದುಕೊಡಬೇಕು. ನವೆ ಹೆಚ್ಚಿದ್ದರೆ, ಮೂತ್ರಕ್ಕೆ ಪದೇ ಪದೇ ಹೋಗುತ್ತಿದ್ದರೆ ಸಕ್ಕರೆ ಕಾಯಿಲೆ ಇದೆಯೇ ಎಂದೂ ನೋಡಿಸಬೇಕು.

ಇನ್ನು ನಮ್ಮಕ್ಕನ ವಿಷಯ. ಆಕೆಯ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ‘ಬರಿಯೋ, ನಾಲ್ಕು ಜನಕ್ಕೆ ಗೊತ್ತಾಗ್ಲಿ. ಹೆಸರು ಮಾತ್ರ ಹಾಕ್ಬೇಡ’ ಎಂದಳು.

ಅಕ್ಕ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ತಿಪಟೂರಿನ ಕಡೆ ತೋಟದ ಮನೆ. ಐದು ಹೆರಿಗೆ, ಐದೂ ಮನೆಯಲ್ಲೇ. ಊರಿನಲ್ಲಿ ಯಾರ ಮನೆ ಮದುವೆಯಾದರೂ ಸೋಬಾನೆಗೆ ಆಕೆಯೇ ಮುಂದೆ. ಅಂಥವಳು ಎಪ್ಪತ್ತರ ಸುಮಾರಿಗೆ ಎಲ್ಲವನ್ನೂ ಬಿಟ್ಟಳು. ಜಾತ್ರೆಗಿಲ್ಲ, ಮದುವೆಗಿಲ್ಲ, ನಮ್ಮ ಮನೆಗೂ ಇಲ್ಲ. ಕೇಳಿದರೆ ಮಂಡಿನೋವು ಎನ್ನುವಳು. ಮಂಡಿಗೆ ಎಣ್ಣೆ ಬಂತು, ಮಾತ್ರೆ ಬಂತು, ಪಟ್ಟಿ ಬಂತು. ಆಕೆಯ ಮೊಮ್ಮಗಳು ಆಗ ಆರನೆಯ ಕ್ಲಾಸು. ರಾತ್ರಿ ಅಜ್ಜಿಯ ಪಕ್ಕದಲ್ಲೇ ಮಲಗುವವಳು. ದಸರಾ ರಜಕ್ಕೆ ನಮ್ಮ ಮನೆಗೆ ಬಂದಿದ್ದಾಗ ಊಟದ ಹೊತ್ತಿನಲ್ಲಿ ಸಹಜವಾಗಿ ಹೇಳಿದಳು: ‘ತಾತ, ಅಜ್ಜಿಗೆ ಮಂಡಿನೋವಲ್ಲ. ಕೆಳಗೆ ಏನೋ ಗಡ್ಡೆ ಥರ ಬರುತ್ತಂತೆ. ಮಲಗಿದ್ರೆ ಒಳಗೆ ಹೋಗುತ್ತಂತೆ. ಯಾರಿಗೂ ಹೇಳ್ಬೇಡ ಅಂದಿದ್ದಾರೆ.’ ನನ್ನ ಸೊಸೆ ಮಗುವನ್ನು ಗದರಲು ಹೋದಳು. ನನ್ನ ಹೆಂಡತಿ ತಡೆದಳು. ‘ಅವಳು ಹೇಳಿದ್ದರಲ್ಲಿ ತಪ್ಪೇನಿದೆ, ಸುಮ್ಮನಿರು’ ಎಂದು ಆವತ್ತು ಸಂಜೆಯೇ ಅಕ್ಕನಿಗೆ ಫೋನು ಮಾಡಿದಳು.

ಅಕ್ಕ ಮೊದಲು ಕೇಳಿದ್ದು, ‘ಈ ವಯಸ್ಸಲ್ಲಿ ಹೆರಿಗೆ ಆಸ್ಪತ್ರೆ ಮೆಟ್ಟಿಲು ಹತ್ತಲೇನೇ?’ ಎಂದು. ಇದು ಆಕೆಯೊಬ್ಬಳ ಮಾತಲ್ಲ. ಬೆಂಗಳೂರಿನ ವಾಣಿವಿಲಾಸ, ಮೈಸೂರಿನ ಚೆಲುವಾಂಬ, ಇವನ್ನೆಲ್ಲ ಜನ ಹೆರಿಗೆ ಆಸ್ಪತ್ರೆ ಎಂದೇ ಕರೆಯುವುದು. ಬಸುರಿಯರ ಸಾಲಿನಲ್ಲಿ ನರೆಗೂದಲಿನವಳು ಹೇಗೆ ಕೂರುವುದು ಎಂಬ ಸಂಕೋಚ. ಆದರೆ ಅಂಥ ಆಸ್ಪತ್ರೆಗಳಲ್ಲಿ ಸ್ತ್ರೀರೋಗ ವಿಭಾಗ ಎಂಬುದೂ ಇರುತ್ತದೆ. ಅದು ಇರುವುದು ಎಲ್ಲ ವಯಸ್ಸಿನವರಿಗೆ. ಜಿಲ್ಲಾ ಆಸ್ಪತ್ರೆಗಳಲ್ಲೂ ಇದೆ. ಹೆರಿಗೆಗೆ ಬಂದವರ ಸಾಲು ಬೇರೆ, ಇದರ ಸಾಲು ಬೇರೆ ಎಂಬುದಷ್ಟು ಗೊತ್ತಾದರೆ ಅರ್ಧ ಸಂಕೋಚ ಹೋಗುತ್ತದೆ. ನನ್ನ ಹೆಂಡತಿಯೂ ಜೊತೆಗೆ ಹೋದದ್ದರಿಂದ ಉಳಿದರ್ಧವೂ ಹೋಯಿತು.

ಡಾಕ್ಟರು ನೋಡಿ ಹೇಳಿದ್ದು: ಗರ್ಭಕೋಶ ಜಾರಿದೆ. ಮೊದಮೊದಲು ಕೆಳಗೆ ಭಾರ ಎನಿಸುವುದು, ಸಂಜೆಯ ಹೊತ್ತಿಗೆ ಸೊಂಟ ಸೆಳೆಯುವುದು, ಆಮೇಲೆ ನಿಂತಾಗ ಹೊರಬರುವುದು, ಮಲಗಿದಾಗ ಒಳಗೆ ಹೋಗುವುದು. ಬಹಳ ದಿನ ಬಿಟ್ಟರೆ ಬಟ್ಟೆಗೆ ಉಜ್ಜಿ ಹುಣ್ಣಾಗುತ್ತದೆ, ಮೂತ್ರ ಪೂರ್ತಿ ಹೋಗದೆ ಉಳಿದು ಸೋಂಕಾಗುತ್ತದೆ. ಅಕ್ಕ ನಾಲ್ಕು ವರ್ಷದಿಂದ ಹಳೆ ಸೀರೆಯ ತುಂಡು ಕಟ್ಟಿಕೊಂಡು ತೋಟದ ಕೆಲಸ ಮಾಡುತ್ತಿದ್ದಳಂತೆ. ‘ಪಾಪ ಮಾಡಿದ್ದೆ, ಅನುಭವಿಸ್ತಿದೀನಿ ಅಂದ್ಕೊಂಡಿದ್ದೆ’ ಎಂದಳಂತೆ ಡಾಕ್ಟರ ಮುಂದೆ. ಡಾಕ್ಟರು ‘ಪಾಪ ಅಲ್ಲ ಅಜ್ಜಿ, ಐದು ಮಕ್ಕಳು, ದಿನಕ್ಕೆ ಇಪ್ಪತ್ತು ಕೊಡ ನೀರು’ ಎಂದರಂತೆ.

ಚಿಕಿತ್ಸೆ ಏನು? ಆಪರೇಷನ್ ಒಂದು ದಾರಿ. ಅಕ್ಕನಿಗೆ ಹೃದಯದ ತೊಂದರೆ ಇದ್ದದ್ದರಿಂದ ಡಾಕ್ಟರು ಇನ್ನೊಂದು ದಾರಿ ಹಿಡಿದರು: ಪೆಸರಿ. ಬಳೆಯಂತೆ ದುಂಡಗಿನ, ಬಾಗುವ ಒಂದು ರಿಂಗು. ಸರಿಯಾದ ಅಳತೆ ನೋಡಿ ಡಾಕ್ಟರು ಒಳಗೆ ಕೂರಿಸುತ್ತಾರೆ. ಅದು ಗರ್ಭಕೋಶವನ್ನು ಮೇಲೆತ್ತಿ ಹಿಡಿಯುತ್ತದೆ. ಹೇಳಿದ ತಿಂಗಳಿಗೆ ಹೋಗಿ ತೆಗೆಸಿ, ತೊಳೆಸಿ, ಮತ್ತೆ ಹಾಕಿಸಿಕೊಳ್ಳಬೇಕು. ಮರೆತು ಒಳಗೇ ಬಿಟ್ಟುಬಿಟ್ಟರೆ ಹುಣ್ಣಾಗುತ್ತದೆ. ಅದಕ್ಕೇ ಮೊಮ್ಮಗಳು ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಇಂಕಿನಲ್ಲಿ ದುಂಡಗೆ ಗುರುತು ಹಾಕಿದ್ದಾಳೆ. ಅಕ್ಕನ ರಿಂಗಿನ ಬೆಲೆ ನಮ್ಮ ಮನೆಯ ತಿಂಗಳ ಕಾಫಿಪುಡಿಯ ಖರ್ಚಿಗಿಂತ ಕಡಿಮೆ ಇತ್ತು. ನಾಲ್ಕು ವರ್ಷದ ಸಂಕಟ, ಕಾಫಿಪುಡಿಯ ದುಡ್ಡು! ಯಾವ ಲೆಡ್ಜರಿನಲ್ಲಿ ಬರೆದರೂ ಈ ಲೆಕ್ಕ ತಾಳೆಯಾಗುವುದಿಲ್ಲ.

ಈ ಉಪಾಯ ಹೊಸದೇನೂ ಅಲ್ಲ. ಸುಮಾರು 2400 ವರ್ಷಗಳ ಹಿಂದೆ ಗ್ರೀಸಿನ ವೈದ್ಯರು, ಹಿಪೊಕ್ರೇಟಿಸನ ಕಡೆಯವರು, ಜಾರಿದ ಗರ್ಭಕೋಶವನ್ನು ತಡೆಯಲು ಅರ್ಧ ಹೋಳು ದಾಳಿಂಬೆಯನ್ನು ಬಳಸುತ್ತಿದ್ದರಂತೆ. ದಾಳಿಂಬೆ ಈಗ ತಿನ್ನುವುದಕ್ಕೆ ಇರಲಿ. ಆದರೆ ಅಷ್ಟು ಹಿಂದೆಯೇ ಈ ಕಾಯಿಲೆಗೆ ಹೆಸರಿತ್ತು, ಮದ್ದು ಹುಡುಕುವ ಮನಸ್ಸಿತ್ತು ಎಂಬುದು ನೋಡಿ.

ಜೋಲಿ ಪೂರ್ತಿ ಸಡಿಲವಾಗದವರಿಗೆ ಒಂದು ವ್ಯಾಯಾಮವಿದೆ. 1948ರಲ್ಲಿ ಅಮೆರಿಕದ ಸ್ತ್ರೀರೋಗ ತಜ್ಞ ಅರ್ನಾಲ್ಡ್ ಕೆಗೆಲ್ ಇದನ್ನು ಪ್ರಕಟಿಸಿದರು. ಅವರ ಹೆಸರಿನಲ್ಲೇ ಕೆಗೆಲ್ ವ್ಯಾಯಾಮ ಎನ್ನುತ್ತಾರೆ. ನಾಲ್ಕು ಜನರ ನಡುವೆ ವಾಯು ಬರುವಂತಾದರೆ ಬಿಗಿಹಿಡಿಯುತ್ತೇವಲ್ಲ (ಮಕ್ಕಳು ನಗಬಹುದು, ನಾವು ಮಾಡುವುದೇ ಅದು), ಹಾಗೆ ಒಳಗಿನ ಮಾಂಸಖಂಡವನ್ನು ಮೇಲಕ್ಕೆ ಎಳೆದು ಐದು ಎಣಿಸುವ ತನಕ ಹಿಡಿಯುವುದು, ಐದು ಎಣಿಸುವ ತನಕ ಬಿಡುವುದು. ಹತ್ತು ಸಲ. ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಬಾರದು, ಹೊಟ್ಟೆ ಬಿಗಿಯಬಾರದು, ಮೂತ್ರ ಮಾಡುವಾಗ ಮಾಡಬಾರದು. ಕೂತಲ್ಲೇ, ಟಿ.ವಿ. ನೋಡುತ್ತಲೇ ಮಾಡಬಹುದು, ಪಕ್ಕದವರಿಗೂ ಗೊತ್ತಾಗುವುದಿಲ್ಲ. ವಾರಕ್ಕೇ ಫಲ ಕಾಣುವುದಿಲ್ಲ, ಮೂರು ತಿಂಗಳಾದರೂ ಬಿಡದೆ ಮಾಡಬೇಕು. ಕೆಮ್ಮಿದಾಗ, ಸೀನಿದಾಗ ಮೂತ್ರ ಜಿನುಗುವವರಿಗೆ ಇದು ಬಹಳ ಒಳ್ಳೆಯದು. ಬಂತೆಂದ ತಕ್ಷಣ ತಡೆಯಲಾಗದೆ ಓಡಬೇಕಾಗುವ ಇನ್ನೊಂದು ಬಗೆಯಿದೆ. ಅದಕ್ಕೆ ಮಾತ್ರೆಗಳೂ ಇವೆ, ಕಾಫಿ ಟೀ ಕಡಿಮೆ ಮಾಡುವುದೂ ನೆರವಾಗುತ್ತದೆ. ಅಂಥವರ ಮನೆಯಲ್ಲಿ ಹಾಸಿಗೆಯಿಂದ ಬಚ್ಚಲಿನ ತನಕ ರಾತ್ರಿ ಒಂದು ಸಣ್ಣ ದೀಪ ಉರಿಯುತ್ತಿರಲಿ. ಕತ್ತಲಲ್ಲಿ ಅವಸರದಿಂದ ಎದ್ದು ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡ ಅಜ್ಜಿಯರು ಒಬ್ಬಿಬ್ಬರಲ್ಲ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಬಾಳನ್ನು ಹಿಂಡುವ ಕಾಯಿಲೆಗಳು. ಜೀವಕ್ಕೇ ಎರವಾಗಬಹುದಾದ ಒಂದು ಸೂಚನೆಯಿದೆ. ಅದನ್ನು ಸ್ವಲ್ಪ ದಪ್ಪ ಅಕ್ಷರದಲ್ಲೇ ಓದಿಕೊಳ್ಳಿ. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ, ಒಂದೇ ತೊಟ್ಟಾಗಲಿ, ಒಂದೇ ಸಲವಾಗಲಿ, ಡಾಕ್ಟರಿಗೆ ತೋರಿಸಲೇಬೇಕು. ‘ಮತ್ತೆ ಮುಟ್ಟಾದೆ, ಮೈಯಲ್ಲಿ ಇನ್ನೂ ಶಕ್ತಿಯಿದೆ’ ಎಂದು ಖುಷಿಪಟ್ಟವರನ್ನು ಡಾಕ್ಟರು ಕಂಡಿದ್ದಾರಂತೆ. ಮೂಲವ್ಯಾಧಿಯ ರಕ್ತ ಇರಬೇಕು ಎಂದು ಸುಮ್ಮನಾದವರೂ ಇದ್ದಾರೆ. ಹೀಗೆ ರಕ್ತ ಕಂಡ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿಗೆ ಕಾರಣ ಸಾಧಾರಣದ್ದೇ, ಒಳಪದರ ಒಣಗಿದ್ದು, ಸಣ್ಣ ದುರ್ಮಾಂಸ, ಹೀಗೆ. ಉಳಿದ ಒಬ್ಬರಿಗೆ ಗರ್ಭಕೋಶದ ಕ್ಯಾನ್ಸರ್ ಇರಬಹುದು. ಆ ಒಬ್ಬರು ಯಾರೆಂದು ಮನೆಯಲ್ಲಿ ಕೂತು ಹೇಳಲಾಗದು. ಆದರೆ ಈ ಕ್ಯಾನ್ಸರ್ ಬಹಳ ಮಟ್ಟಿಗೆ ಆರಂಭದಲ್ಲೇ ರಕ್ತ ತೋರಿಸಿ ಎಚ್ಚರಿಸುತ್ತದೆ. ಆಗಲೇ ಹೋದರೆ ಗುಣವಾಗುವ ಸಾಧ್ಯತೆ ಹೆಚ್ಚು. ಮೊದಲ ಪರೀಕ್ಷೆ ಸ್ಕ್ಯಾನಿಂಗ್. ಗರ್ಭಕೋಶದ ಒಳಪದರ ಎಷ್ಟು ದಪ್ಪ ಎಂದು ಅಳೆಯುತ್ತಾರೆ. ಸಾಮಾನ್ಯವಾಗಿ 4 ಮಿಲಿಮೀಟರಿಗಿಂತ ಹೆಚ್ಚಿದ್ದರೆ, ಅಥವಾ ರಕ್ತ ನಿಲ್ಲದೆ ಮತ್ತೆ ಮತ್ತೆ ಕಂಡರೆ, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ದುರ್ವಾಸನೆಯ ಬಿಳಿ ಸೆರಗು ಹೋಗುತ್ತಿದ್ದರೂ ತಡಮಾಡದೆ ತೋರಿಸಬೇಕು.

ಗರ್ಭಕೋಶದ ಕೊರಳಿಗೆ ಬರುವ ಕ್ಯಾನ್ಸರ್ ಬೇರೆ. ಅದನ್ನು ಬರುವ ಮುಂಚೆಯೇ ಹಿಡಿಯುವ ಪರೀಕ್ಷೆಯ ಹಿಂದೆ ಒಬ್ಬ ಹೆಂಡತಿಯ ಕಥೆಯಿದೆ. ಜಾರ್ಜ್ ಪ್ಯಾಪನಿಕೊಲಾವು ಎಂಬ ಗ್ರೀಕ್ ವೈದ್ಯ ಹೆಂಡತಿ ಮೇರಿಯೊಂದಿಗೆ ಅಮೆರಿಕಕ್ಕೆ ವಲಸೆ ಬಂದ. ಕೈಯಲ್ಲಿ ಕಾಸಿಲ್ಲ. ನ್ಯೂಯಾರ್ಕಿನ ಅಂಗಡಿಯೊಂದರಲ್ಲಿ ಮೇರಿ ಗುಂಡಿ ಹೊಲಿದಳು, ಆತ ರತ್ನಗಂಬಳಿ ಮಾರಿದ. ಮುಂದೆ ಆತನಿಗೆ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು, ಮೇರಿಯೂ ಸಂಬಳವಿಲ್ಲದೆ ಜೊತೆಗೆ ದುಡಿದಳು. ಗರ್ಭಕೋಶದ ಕೊರಳಿನ ಜೀವಕೋಶಗಳು ದಿನದಿನಕ್ಕೆ ಹೇಗೆ ಬದಲಾಗುತ್ತವೆ ಎಂದು ತಿಳಿಯಬೇಕಿತ್ತು. ಮೇರಿ ಇಪ್ಪತ್ತು ವರ್ಷಗಳ ಕಾಲ ತನ್ನ ಮೈಯಿಂದಲೇ ಮಾದರಿ ತೆಗೆಯಲು ಒಪ್ಪಿದಳು. ಆತ 1928ರಲ್ಲಿ ವಿಷಯ ಮಂಡಿಸಿದಾಗ ವೈದ್ಯಲೋಕ ಅಷ್ಟಾಗಿ ಕಿವಿಗೊಡಲಿಲ್ಲ. 1943ರಲ್ಲಿ ಪುಸ್ತಕ ಬಂದ ಮೇಲೆ ಒಪ್ಪಿತು. ಇವತ್ತು ಪ್ಯಾಪ್ ಪರೀಕ್ಷೆ ಎನ್ನುವುದು ಇದನ್ನೇ. ಹೆಸರು ಗಂಡನದು.

ಪ್ರಯೋಗಾಲಯವಿಲ್ಲದ ಕಡೆ ಏನು ಮಾಡುವುದು? ಇದಕ್ಕೆ ಉತ್ತರ ನಮ್ಮ ದೇಶದಲ್ಲೇ ಸಿಕ್ಕಿದೆ. 1998ರಿಂದ ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಒಳಗೊಂಡ ದೊಡ್ಡ ಅಧ್ಯಯನ ನಡೆಸಿದರು. ಹತ್ತನೆಯ ಕ್ಲಾಸು ಓದಿದ ಸ್ಥಳೀಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು, ಗರ್ಭಕೋಶದ ಕೊರಳಿಗೆ ತಿಳಿಯಾದ ವಿನೆಗರನ್ನು, ಉಪ್ಪಿನಕಾಯಿ ಶೀಸೆಯ ಅದೇ ಹುಳಿಯನ್ನು, ಸವರಿ ನೋಡಿಸಿದರು. ಕೆಟ್ಟ ಜಾಗ ಬೆಳ್ಳಗಾಗಿ ಕಾಣುತ್ತದೆ. 2013ರಲ್ಲಿ ಫಲಿತಾಂಶ ಬಂತು: ಪರೀಕ್ಷೆ ಮಾಡಿಸಿಕೊಂಡ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ ಸತ್ತವರ ಪ್ರಮಾಣ ಶೇಕಡ 31ರಷ್ಟು ಕಡಿಮೆ. ನಮ್ಮ ಸರ್ಕಾರದ ಕಾರ್ಯಕ್ರಮದಲ್ಲೂ 30ರಿಂದ 65 ವಯಸ್ಸಿನವರಿಗೆ ಈ ತಪಾಸಣೆ ಸೇರಿದೆ. ಮುಟ್ಟು ನಿಂತು ಬಹಳ ವರ್ಷವಾದವರಿಗೆ ವಿನೆಗರಿನ ವಿಧಾನ ಅಷ್ಟು ಹೊಂದುವುದಿಲ್ಲ. ಅವರಿಗೆ ಪ್ಯಾಪ್ ಅಥವಾ ಎಚ್‌ಪಿವಿ ಪರೀಕ್ಷೆ. 65 ದಾಟಿದ್ದರೂ ಇದುವರೆಗೆ ಒಮ್ಮೆಯೂ ಪರೀಕ್ಷೆಯಾಗಿಲ್ಲದಿದ್ದರೆ ಡಾಕ್ಟರನ್ನು ಕೇಳಿ.

ಮೊಮ್ಮಕ್ಕಳಿಗೂ ಇದರಲ್ಲಿ ಪಾಲಿದೆ. ಕೊರಳಿನ ಈ ಕ್ಯಾನ್ಸರಿಗೆ ಮೂಲ ಎಚ್‌ಪಿವಿ ಎಂಬ ವೈರಸ್. ಅದಕ್ಕೆ ಲಸಿಕೆಯಿದೆ. 9ರಿಂದ 14ರ ವಯಸ್ಸಿನ ಹೆಣ್ಣುಮಕ್ಕಳಿಗೆ ಕೊಟ್ಟರೆ ಹೆಚ್ಚು ಫಲ. ಪುಣೆಯ ಸೀರಂ ಸಂಸ್ಥೆ ತಯಾರಿಸಿದ ನಮ್ಮ ದೇಶದ್ದೇ ಲಸಿಕೆ 2023ರಲ್ಲಿ ಬಿಡುಗಡೆಯಾಯಿತು. ಅಜ್ಜಿಗೆ ಬಂದದ್ದು ಮೊಮ್ಮಗಳಿಗೆ ಬಾರದಂತೆ ಮಾಡುವ ಅವಕಾಶ ಹಿಂದಿನವರಿಗೆ ಇರಲಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮುಚ್ಚಿಡುವುದು ಒಂದು ಕಷ್ಟವಾದರೆ, ಹೇಳಿದ ಕೂಡಲೇ ‘ಗರ್ಭಕೋಶ ತೆಗೆಸಿಬಿಡಿ’ ಎನ್ನುವುದು ಇನ್ನೊಂದು. ನಮ್ಮ ಕಲಬುರಗಿ, ಹಾವೇರಿ ಜಿಲ್ಲೆಗಳಲ್ಲೇ ಬಡ ಹೆಣ್ಣುಮಕ್ಕಳಿಗೆ ಅಗತ್ಯವಿಲ್ಲದೆ ಈ ಆಪರೇಷನ್ ಮಾಡಿದರೆಂಬ ದೂರುಗಳು ಎದ್ದು ದೊಡ್ಡ ಸುದ್ದಿಯಾಗಿತ್ತು. ಬೇರೆ ರಾಜ್ಯಗಳ ಇಂಥದೇ ದೂರುಗಳ ಮೇಲೆ 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಆದೇಶ ಕೊಟ್ಟಿದೆ. ಕ್ಯಾನ್ಸರಿನಂಥ ಕಾರಣವಿದ್ದರೆ ಆಪರೇಷನ್ ಬೇಕೇ ಬೇಕು. ಉಳಿದಂತೆ ‘ಬೇರೆ ದಾರಿ ಏನಿದೆ?’ ಎಂದು ಕೇಳುವುದಕ್ಕೆ, ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಪಡೆಯುವುದಕ್ಕೆ ನಾಚಿಕೆ ಬೇಡ. ಸೈಟು ಕೊಳ್ಳುವಾಗ ಹತ್ತು ಜನರನ್ನು ವಿಚಾರಿಸುವುದಿಲ್ಲವೆ?

ಅಜ್ಜಿಯನ್ನು ಕರೆದುಕೊಂಡು ಹೋಗುವ ಹಿಂದಿನ ದಿನ ಒಂದು ಕೆಲಸ ಮಾಡಿ. ಡಾಕ್ಟರ ಮುಂದೆ ಕೂತಾಗ ಅಜ್ಜಿಯರಿಗೆ ಬಾಯೇ ಬರುವುದಿಲ್ಲ. ‘ಸೊಂಟ ನೋವು’ ಎಂದಷ್ಟೇ ಹೇಳಿ ಎದ್ದುಬಿಡುತ್ತಾರೆ. ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ತೊಂದರೆ ಯಾವಾಗಿಂದ, ಮುಟ್ಟು ನಿಂತದ್ದು ಯಾವ ವರ್ಷ, ಆಮೇಲೆ ರಕ್ತ ಕಂಡಿತೇ, ಎಷ್ಟು ಹೆರಿಗೆ, ರಾತ್ರಿ ಎಷ್ಟು ಸಲ ಏಳುತ್ತಾರೆ, ಈಗ ನುಂಗುತ್ತಿರುವ ಮಾತ್ರೆಗಳು ಯಾವುವು. ಬಿ.ಪಿ., ಸಕ್ಕರೆಯ ಚೀಟಿಗಳೂ ಜೊತೆಗಿರಲಿ. ಒಳಪರೀಕ್ಷೆ ಮಾಡುವಾಗ ಮನೆಯ ಹೆಂಗಸೊಬ್ಬರು ಪಕ್ಕದಲ್ಲಿರಲಿ ಎಂದು ಕೇಳಬಹುದು, ಯಾರೂ ಬೇಡವೆನ್ನುವುದಿಲ್ಲ. ಗಂಡಸರು ಹೊರಗೆ ಬೆಂಚಿನ ಮೇಲೆ ಕೂತು ಪೇಪರ್ ಓದುತ್ತಿರಲಿ.

ಅಕ್ಕನ ಮೊಮ್ಮಗಳು ಈಗ ಎರಡನೆಯ ಪಿಯುಸಿ. ಹೋದ ವೈಶಾಖದಲ್ಲಿ ನಮ್ಮ ನೆಂಟರ ಮದುವೆಗೆ ಅಜ್ಜಿ ಮೊಮ್ಮಗಳು ಇಬ್ಬರೂ ಬಸ್ಸಿನಲ್ಲೇ ಬಂದರು. ಅಕ್ಕ ಬಂದವಳೇ ದೊಡ್ಡ ಲೋಟ ಪಾನಕ ಇಸಿದುಕೊಂಡು ಕುಡಿದು, ‘ಬಚ್ಚಲು ಎಲ್ಲಿದೆಯೋ?’ ಎಂದು ಎಲ್ಲರ ಮುಂದೆಯೇ ಕೇಳಿದಳು.